ಚಟವುಳ್ಳ ಗರ್ಭಿಣಿ ಮತ್ತು ನಾವು



ಗರ್ಭಿಣಿಯ ಆಹಾರ, ಚುಚ್ಚುಮದ್ದು, ಮಕ್ಕಳ ನಡುವಣ ಅಂತರ ಇವುಗಳ ವಿಷಯವಾಗಿ ನೀವು ಹಲವು ಬಾರಿ ಕೇಳಿರುವಿರಿ, ಓದಿರುವಿರಿ. ಇಂದು ನಾನು ಆಡಲಿರುವ ಮಾತು ಸಾಮಾನ್ಯವಾಗಿ ಮನೆಯ ಹೊಸ್ತಿಲನ್ನು ದಾಟಿ ಹೊರಗೆ ಬಾರದಂತಹುದು. ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ, ಬೀಡಿ, ಹೆಂಡ, ಸಾರಾಯಿ ಇವುಗಳಲ್ಲಿ ಒಂದಕ್ಕೆ ಅಂಟಿಕೊಂಡಿರುವ ಹೆಣ್ಣುಮಗಳೊಬ್ಬಳು ಗರ್ಭಿಣಿಯಾದಾಗ ಆಕೆಯನ್ನು ನಾವು ಹೇಗೆ ನೋಡಿಕೊಳ್ಳಬೇಕು ಎಂಬುದೇ ಆ ವಿಷಯ. "ನಾವು" ಎಂದಾಗ ಗಂಡ, ಅತ್ತೆ, ನೆರೆಹೊರೆಯವರ ಜೊತೆಗೆ ವೈದ್ಯರನ್ನೂ ದಾದಿಯರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮೊದಲಿಗೆ ನನ್ನದೇ ತಪ್ಪೊಂದನ್ನು ನಿಮ್ಮ ಮುಂದಿಡುತ್ತೇನೆ.

ನಾನು ಎಂ.ಬಿ.ಬಿ.ಎಸ್. ಮುಗಿಸಿ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಗರ್ಭಿಣಿಯರ ತಪಾಸಣೆಯ ದಿನ. ಕೂಲಿ ಮಾಡುವ ಸುಮಾರು ಇಪ್ಪತ್ತಮೂರು ವರ್ಷದ ಹೆಣ್ಣುಮಗಳು ತಪಾಸಣೆಯ ಮೇಜನ್ನು ಏರುವಾಗ ಆಕೆಯ ಸೊಂಟದಿಂದ ಎಲೆಯಡಿಕೆಯ ಸಂಚಿ ಜಾರಿ ಕೆಳಗೆ ಬಿದ್ದಿತು. ಅದರಿಂದ ಹೊಗೆಸೊಪ್ಪಿನ ತುಂಡು ಹೊರಬಂದಿತು. ಹೊರಗೆ ಸಾಲಾಗಿ ಕುಳಿತಿದ್ದವರಿಗೆಲ್ಲ ಕೇಳುವಂತೆ ನಾನು ಆಕೆಯನ್ನು ಬೈದೆ. "ಹೊಟ್ಟೆಯಲ್ಲಿರುವ ಕೂಸಿಗೆ ವಿಷ ಹಾಕುತ್ತಿದ್ದೀಯಲ್ಲ, ನೀನೂ ಒಬ್ಬ ತಾಯಿಯೇ?" ಎಂದೆ. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನಿಂತಳು, ಏನೂ ಹೇಳಲಿಲ್ಲ. ನನ್ನ ಕರ್ತವ್ಯವನ್ನು ನಾನು ನೆರವೇರಿಸಿದೆನೆಂದು ಆ ದಿನ ನನಗೆ ಸಮಾಧಾನವೇ ಆಗಿತ್ತು.

ಆಕೆ ಮತ್ತೆ ತಪಾಸಣೆಗೆ ಬರಲಿಲ್ಲ. ಆಶಾ ಕಾರ್ಯಕರ್ತೆ ಎರಡು ಸಲ ಹೋಗಿ ಕರೆದಾಗ "ತವರಿಗೆ ಹೋಗುತ್ತೇನೆ" ಎಂದಳಂತೆ. ಏಳೂವರೆ ತಿಂಗಳಿಗೆ, ಒಂದು ರಾತ್ರಿ, ನೋವು ತಿನ್ನುತ್ತ ನಮ್ಮಲ್ಲಿಗೇ ಬಂದಳು. ಕೂಸು 1,400 ಗ್ರಾಂ ಇತ್ತು. 108ರ ವಾಹನದಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು. ನಾಲ್ಕನೆಯ ದಿನ ಅದು ತೀರಿಕೊಂಡಿತು. ತಿಂಗಳ ನಂತರ ಆಕೆಯ ಮನೆಗೆ ಹೋದಾಗ ಆಕೆ ನನಗೆ ಹೇಳಿದ್ದು ಇಷ್ಟೇ: "ಬಿಟ್ಟ ಮೇಲೆ ಬರೋಣ ಅಂತಿದ್ದೆ ಡಾಕ್ಟ್ರಮ್ಮ. ಬಿಡೋಕೇ ಆಗ್ಲಿಲ್ಲ."

ಆ ಕೂಸು ಹೊಗೆಸೊಪ್ಪೊಂದರಿಂದಲೇ ಹೋಯಿತೆಂದು ಹೇಳಲಾರೆ. ಆಕೆಗೆ ರಕ್ತಹೀನತೆಯಿತ್ತು, ನಾಲ್ಕು ತಿಂಗಳು ರಕ್ತದೊತ್ತಡವನ್ನು ನೋಡಿದವರಿಲ್ಲ, ಕಬ್ಬಿಣದ ಮಾತ್ರೆ ಕೊಟ್ಟವರಿಲ್ಲ, ಮಗು ಬೆಳೆಯುತ್ತಿದೆಯೇ ಎಂದು ಹೊಟ್ಟೆಯ ಅಳತೆ ತೆಗೆದವರಿಲ್ಲ. ಇವೆಲ್ಲ ತಪ್ಪಿಹೋದದ್ದಕ್ಕೆ ಕಾರಣ ನನ್ನ ನಾಲಿಗೆ. ಅಂದಿನಿಂದ ನಾನು ಆ ಮಾತನ್ನು ಯಾವ ಗರ್ಭಿಣಿಗೂ ಆಡಿಲ್ಲ.

ಹಾಗೆಂದು ಹೊಗೆಸೊಪ್ಪಿನ ಕೇಡನ್ನು ಕಡಿಮೆಮಾಡಿ ಹೇಳುತ್ತಿಲ್ಲ. ತಂಬಾಕಿನಲ್ಲಿರುವ ನಿಕೋಟಿನ್ ಎಂಬ ವಸ್ತು ತಾಯಿಯ ರಕ್ತದಿಂದ ಮಾಸನ್ನು ದಾಟಿ ಹೊಕ್ಕುಳಬಳ್ಳಿಯ ಮೂಲಕ ಶಿಶುವಿಗೆ ಮುಟ್ಟುತ್ತದೆ. ಅದು ರಕ್ತನಾಳಗಳನ್ನು ಕುಗ್ಗಿಸುವುದರಿಂದ ಶಿಶುವಿಗೆ ಸಲ್ಲಬೇಕಾದ ಆಹಾರವೂ ಪ್ರಾಣವಾಯುವೂ ಕಡಿಮೆಯಾಗುತ್ತವೆ. ಮುಂಬಯಿಯಲ್ಲಿ 1,217 ಗರ್ಭಿಣಿಯರನ್ನು ಹೆರಿಗೆಯವರೆಗೆ ಗಮನಿಸಿ ನಡೆಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದ ತಾಯಂದಿರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿದ್ದಿತು; ದಿನ ತುಂಬುವ ಮುನ್ನ ಹೆರಿಗೆಯಾಗುವುದೂ ಅವರಲ್ಲಿ ಹೆಚ್ಚಾಗಿದ್ದಿತು. ಗಮನಿಸಬೇಕಾದ ಸಂಗತಿಯೆಂದರೆ, ಅವರಲ್ಲಿ ಹೆಚ್ಚಿನವರು ತಂಬಾಕನ್ನು ಜಗಿಯುತ್ತಲೂ ಇರಲಿಲ್ಲ. ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುತ್ತಿದ್ದರು, ಅಷ್ಟೆ. ಆದುದರಿಂದ "ನಾನು ನುಂಗುವುದಿಲ್ಲ, ಉಗುಳಿಬಿಡುತ್ತೇನೆ" ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಇನ್ನು ಬರಿಯ ಎಲೆಯಡಿಕೆಯ ಮಾತು. ಅಡಿಕೆ ನಮ್ಮ ಎಷ್ಟೋ ರೈತರ ಅನ್ನ. ಸೀಮಂತದ ತಟ್ಟೆಯಲ್ಲಿ ತಾಂಬೂಲವಿಲ್ಲದೆ ನಡೆಯುವುದೂ ಇಲ್ಲ. ಮಡಿಲಿಗೆ ಹಾಕುವ ತಾಂಬೂಲಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ದಿನವಿಡೀ ಅಡಿಕೆಯನ್ನು ಜಗಿಯುವುದು ತಂಬಾಕು ಸೇರದಿದ್ದರೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಜಾಗತಿಕ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ನಿರ್ಣಯಿಸಿದೆ. ಅದೂ ಒಂದು ಚಟವೇ.

ಹೆಣ್ಣುಮಕ್ಕಳು ಇದನ್ನು ಏಕೆ ಆರಂಭಿಸುತ್ತಾರೆಂದು ಎಂದಾದರೂ ಕೇಳಿದ್ದೀರಾ? ನಾನು ಈಗ ಕೇಳುತ್ತೇನೆ. ನಾಟಿಯ ಕೆಲಸದಲ್ಲಿ ಬಾಗಿದ ಸೊಂಟ ನೆಟ್ಟಗಾಗದಿರುವಾಗ ಜೊತೆಯವಳು ಕೊಟ್ಟ ಒಂದು ಚೂರು. ಹಲ್ಲುನೋವಿಗೆ ಅಜ್ಜಿ ಹೇಳಿದ ಮದ್ದು. ಮಧ್ಯಾಹ್ನದ ಬುತ್ತಿ ಸಾಲದೆ ಬಂದ ಹಸಿವನ್ನು ತಡೆಯುವ ಉಪಾಯ. ಬಸುರಿನ ಮೊದಲ ತಿಂಗಳುಗಳ ವಾಕರಿಕೆಗೆ ಬಾಯಿ ಒಗರಾಗಲೆಂದು ಹಾಕಿಕೊಂಡದ್ದು. ಕರಾವಳಿಯಲ್ಲಿ ಬೀಡಿ ಕಟ್ಟುವವರಿಗೂ, ಹುಣಸೂರು ಪಿರಿಯಾಪಟ್ಟಣದ ಕಡೆ ತಂಬಾಕಿನ ಹಸಿ ಎಲೆ ಮುರಿಯುವವರಿಗೂ ಕೈಯ ಚರ್ಮದಿಂದ, ಉಸಿರಿನಿಂದ ಅದರ ವಿಷ ಮೈಸೇರುತ್ತದೆ. ಅವರು ಬಾಯಿಗೆ ಹಾಕದಿದ್ದರೂ ಸರಿಯೇ. ಗರ್ಭಿಣಿಯನ್ನು ಆ ಕೆಲಸದಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಾಕುವುದು ಮನೆಯವರ ಹೊಣೆ. ಇವರಲ್ಲಿ ಯಾರೂ ಕೂಸಿಗೆ ಕೇಡು ಬಯಸಿದವರಲ್ಲ. ಚಟವೆಂಬುದು ಮಿದುಳನ್ನು ಹಿಡಿಯುವ ಕಾಯಿಲೆ. ಕ್ಷಯಕ್ಕೆ ಔಷಧಿ ಕೊಡುವ ನಾವು ಇದಕ್ಕೆ ಬೈಗುಳ ಕೊಡುವುದು ಯಾವ ನ್ಯಾಯ?

ಒಂದು ಸಮಾಧಾನದ ಸಂಗತಿಯುಂಟು. ತಂಬಾಕನ್ನು ಯಾವ ತಿಂಗಳಲ್ಲಿ ಬಿಟ್ಟರೂ ಶಿಶುವಿಗೆ ಲಾಭವೇ, ಬೇಗ ಬಿಟ್ಟಷ್ಟೂ ಹೆಚ್ಚು ಲಾಭ. ಥಟ್ಟನೆ ಬಿಟ್ಟರೆ ಪ್ರಾಣಕ್ಕೆ ಅಪಾಯವೂ ಇಲ್ಲ. ಮೊದಲ ವಾರ ಸಿಡುಕು, ತಲೆನೋವು, ನಿದ್ರೆಗೇಡು ಇರುತ್ತವೆ. ಮೂರು ನಾಲ್ಕು ವಾರಗಳಲ್ಲಿ ಬಹಳ ಮಟ್ಟಿಗೆ ತಗ್ಗುತ್ತವೆ. ಬೇಕೆನ್ನಿಸುವ ತೀವ್ರ ಹಂಬಲ ಕೆಲವೇ ನಿಮಿಷ ಇದ್ದು ಹೋಗುತ್ತದೆ. ಆ ನಿಮಿಷಗಳಿಗೆಂದು ಸಂಚಿಯಲ್ಲಿ ಹುರಿಗಡಲೆ, ಜೀರಿಗೆ, ಒಣಗಿಸಿದ ನೆಲ್ಲಿಕಾಯಿ ಇಟ್ಟುಕೊಳ್ಳಬಹುದು. ಈ ದಿನಗಳಲ್ಲಿ ಆಕೆ ರೇಗಿದರೆ ಗಂಡನಾದವನು ತಿರುಗಿ ರೇಗಬಾರದು. ಮಧ್ಯೆ ಒಮ್ಮೆ ಸೋತು ಮತ್ತೆ ಹಾಕಿಕೊಂಡಳೆಂದರೆ ಎಲ್ಲವೂ ಕೆಟ್ಟಿತೆಂದಲ್ಲ, ಮರುದಿನದಿಂದ ಪುನಃ ಆರಂಭಿಸಿದರಾಯಿತು.

ಮದ್ಯದ ವಿಷಯ ಹೀಗಲ್ಲ. ಇಲ್ಲಿ ಎಚ್ಚರಿಕೆಯಿಂದ ಓದಿರಿ. ಗರ್ಭಿಣಿ ಕುಡಿದ ಮದ್ಯ ನೇರವಾಗಿ ಶಿಶುವನ್ನು ಮುಟ್ಟುತ್ತದೆ. 1973ರಲ್ಲಿ ಅಮೆರಿಕದ ವೈದ್ಯರು ಇಂತಹ ತಾಯಂದಿರ ಮಕ್ಕಳಲ್ಲಿ ಮುಖದ ಬೇರೆ ತೆರನ ರಚನೆ, ಕುಂಠಿತ ಬೆಳವಣಿಗೆ, ಬುದ್ಧಿಯ ಕೊರತೆ ಇವನ್ನು ಒಟ್ಟಾಗಿ ಕಂಡು ಅದಕ್ಕೊಂದು ಹೆಸರಿಟ್ಟರು. ಇಷ್ಟು ಕುಡಿದರೆ ಬಾಧಕವಿಲ್ಲ ಎಂಬ ಅಳತೆ ಗರ್ಭಿಣಿಗೆ ಇಲ್ಲವೇ ಇಲ್ಲ. ಹೆಂಡವಾದರೂ ಅಷ್ಟೆ, ಬಾಣಂತಿಗೆ ಮೈ ಬೆಚ್ಚಗಾಗಲೆಂದು ಕೊಡುವ ಬ್ರಾಂದಿಯಾದರೂ ಅಷ್ಟೆ. ಆದರೆ ಪ್ರತಿನಿತ್ಯ ಹೆಚ್ಚಾಗಿ ಕುಡಿಯುವವರು ಮನೆಯಲ್ಲಿ ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು.

ನಮ್ಮ ತಾಲ್ಲೂಕಿನ ದಂಪತಿಗಳಿಬ್ಬರೂ ಕಲ್ಲುಕೆಲಸದವರು. ಸಾರಾಯಿ ನಮ್ಮ ರಾಜ್ಯದಲ್ಲಿ 2007ರ ಜುಲೈನಲ್ಲಿ ನಿಷೇಧವಾಯಿತು, ಆ ಜಾಗಕ್ಕೆ ಅಗ್ಗದ ಮದ್ಯದ ಪೊಟ್ಟಣ ಬಂದಿತು; ಕುಡಿಯುವವರ ಕಷ್ಟ ಅಲ್ಲಿಯೇ ಉಳಿಯಿತು. ಹೆಂಡತಿ ಗರ್ಭಿಣಿಯೆಂದು ತಿಳಿದೊಡನೆ ಗಂಡ ದೇವರ ಮುಂದೆ ಆಕೆಯಿಂದ ಆಣೆ ಮಾಡಿಸಿ, ಕೋಣೆಯಲ್ಲಿ ಕೂಡಿಹಾಕಿದ. ಅವನ ಉದ್ದೇಶ ಒಳ್ಳೆಯದೇ. ಎರಡನೆಯ ದಿನ ಆಕೆಗೆ ಕೈನಡುಕ, ಮೈಬೆವರು, ಆಮೇಲೆ ಫಿಟ್ಸ್. ದೆವ್ವ ಮೆಟ್ಟಿತೆಂದು ಮಂತ್ರವಾದಿಯನ್ನು ಕರೆತರಲು ಹೊರಟಿದ್ದವನನ್ನು ಆಶಾ ಕಾರ್ಯಕರ್ತೆ ತಡೆದು ನನಗೆ ಫೋನು ಮಾಡಿದಳು. ರೂಢಿಯಾದ ಮದ್ಯ ನಿಂತ ಮೊದಲ ಮೂರು ನಾಲ್ಕು ದಿನಗಳಲ್ಲಿ ಫಿಟ್ಸ್ ಬರುವುದು, ಬುದ್ಧಿ ಭ್ರಮಿಸುವುದು ಉಂಟು. ತಾಯಿಗೂ ಶಿಶುವಿಗೂ ಜೀವಕ್ಕೆ ಅಪಾಯ. ಆಸ್ಪತ್ರೆಯಲ್ಲಿ ಮಲಗಿಸಿ, ನಡುಕ ತಗ್ಗಿಸುವ ಔಷಧಿ, ಬಿ1 ಜೀವಸತ್ವದ ಚುಚ್ಚುಮದ್ದು ಕೊಟ್ಟು ಬಿಡಿಸಿದರೆ ಆ ಅಪಾಯ ದೂರವಾಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಆಕೆ ಹತ್ತು ದಿನ ಇದ್ದಳು. ಗಂಡನೂ ಆ ಹತ್ತು ದಿನ ಪಕ್ಕದಲ್ಲಿಯೇ ಕುಳಿತಿದ್ದು, ತಾನೂ ಚಿಕಿತ್ಸೆಗೆ ಹೆಸರು ಬರೆಸಿದ. ಅವರ ಮಗಳು ಈಗ ಅಂಗನವಾಡಿಗೆ ಹೋಗುತ್ತಿದ್ದಾಳೆ.

ನಿದ್ರೆಮಾತ್ರೆಗಳಿಗೂ ಅಫೀಮಿನ ವರ್ಗದ ಔಷಧಿಗಳಿಗೂ ಇದೇ ನಿಯಮ: ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಕೂಡದು. ಅಂತಹ ತಾಯಿಗೆ ಹುಟ್ಟಿದ ಮಗು ಮೊದಲ ಕೆಲವು ದಿನ ಬಿಡದೆ ಅಳಬಹುದು, ನಡುಗಬಹುದು. ಅದಕ್ಕೂ ಚಿಕಿತ್ಸೆಯುಂಟು, ಮಗುವನ್ನು ತಾಯಿಯಿಂದ ದೂರ ಮಾಡದೆ ಮೈಗೆ ಅಪ್ಪಿಸಿಕೊಂಡು ಇರಗೊಟ್ಟರೆ ಬೇಗ ಸುಧಾರಿಸುತ್ತದೆ. ಹೊಗೆಸೊಪ್ಪಿನ ಅಭ್ಯಾಸವಿರುವ ತಾಯಿಯ ಮೊಲೆಹಾಲನ್ನು ಬಿಡಿಸುವ ಅತ್ತೆಯಂದಿರನ್ನು ನಾನು ಕಂಡಿದ್ದೇನೆ. ಇದು ಸರಿಯಲ್ಲ. ಬಿಡಲು ಯತ್ನಿಸುತ್ತಲೇ ಹಾಲೂಡಿಸಲಿ. ಆ ಹಾಲು ಪುಡಿಹಾಲಿಗಿಂತ ಮೇಲು. ಮದ್ಯ ಕುಡಿದ ಅಮಲಿನಲ್ಲಿ ಮಾತ್ರ ಹಾಲೂಡಿಸಬಾರದು, ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳಲೂಬಾರದು.

ಈಗ ಗಂಡಂದಿರಿಗೆ ನೇರವಾದ ಒಂದು ಮಾತು. ನೀವು ಒಲೆಯ ಮುಂದೆ ಕುಳಿತು ಸೇದುವ ಬೀಡಿಯ ಹೊಗೆ ನಿಮ್ಮ ಹೆಂಡತಿಯ ಗರ್ಭದಲ್ಲಿರುವ ಶಿಶುವಿನವರೆಗೂ ಹೋಗುತ್ತದೆ. ನಿಮ್ಮ ಜೇಬಿನಲ್ಲಿ ಬೀಡಿಕಟ್ಟು ಇರುವಾಗ ಆಕೆಯ ಸಂಚಿಯನ್ನು ಕಸಿದುಕೊಳ್ಳುವ ಅಧಿಕಾರ ನಿಮಗೆ ಬಂದದ್ದಾದರೂ ಎಲ್ಲಿಂದ? ಇಬ್ಬರೂ ಒಂದೇ ದಿನ ಬಿಟ್ಟ ಮನೆಗಳಲ್ಲಿ ಬಿಟ್ಟದ್ದು ಉಳಿದದ್ದನ್ನು ನಾನು ಹೆಚ್ಚಾಗಿ ಕಂಡಿದ್ದೇನೆ. ಹೊಡೆತದಿಂದ ಚಟ ಬಿಟ್ಟವಳನ್ನು ಈವರೆಗೆ ಕಂಡಿಲ್ಲ, ಅಡಗಿಸಿ ತಿನ್ನಲು ಕಲಿತವರನ್ನು ಮಾತ್ರ ಕಂಡಿದ್ದೇನೆ.

"ಆಸ್ಪತ್ರೆಯಲ್ಲಿ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ" ಎಂಬ ಅಂಜಿಕೆ ನನಗೆ ತಿಳಿದಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಹಾಗೂ ಮಾದಕ ವಸ್ತುಗಳಿಂದ ಬರುವ ತೊಂದರೆಯನ್ನೂ ಕಾಯಿಲೆಗಳ ಸಾಲಿಗೆ ಸೇರಿಸಿ, ರೋಗಿಯ ಗುಟ್ಟನ್ನು ಕಾಪಾಡುವುದನ್ನು ಆಕೆಯ ಹಕ್ಕೆಂದು ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿ ಇಂತಹ ಗರ್ಭಿಣಿಯರ ಆರೈಕೆಗೆಂದೇ ಹೊರಡಿಸಿದ ಮಾರ್ಗಸೂಚಿಯಲ್ಲಿಯೂ ಆಕೆಯನ್ನು ಹೀನಾಯವಾಗಿ ಕಾಣಬಾರದೆಂಬುದು ಒಂದು ಮುಖ್ಯ ತತ್ತ್ವವಾಗಿದೆ. ಚಿಕಿತ್ಸೆಗೆ ಬಂದವಳನ್ನು ಪೊಲೀಸರಿಗೆ ಒಪ್ಪಿಸುವುದು ವೈದ್ಯರ ಕೆಲಸವಲ್ಲ. ನಮ್ಮಲ್ಲಿ ಯಾರಾದರೂ ಹಿಂದೆ ನಾನು ನಡೆದುಕೊಂಡಂತೆ ನಡೆದುಕೊಂಡರೆ, ಆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಆದರೆ ತಪಾಸಣೆಯನ್ನು ಮಾತ್ರ ತಪ್ಪಿಸಬೇಡಿರಿ.

ಮನೆಯಿಂದಲೇ ಮಾತನಾಡಬೇಕೆಂದರೆ 14416ಕ್ಕೆ ಕರೆ ಮಾಡಬಹುದು. ಇದು 2022ರಲ್ಲಿ ಆರಂಭವಾದ ಸರ್ಕಾರದ ಉಚಿತ ಸಹಾಯವಾಣಿ. ಹಗಲಿರುಳೂ ಕನ್ನಡದಲ್ಲಿ ಉತ್ತರ ಸಿಗುತ್ತದೆ. ಹೆಸರು ಹೇಳಲು ಸಂಕೋಚವಾದರೆ ಊರಿನ ಹೆಸರಷ್ಟನ್ನೇ ಹೇಳಿ ಮಾತು ಆರಂಭಿಸಿರಿ. ತಂಬಾಕು ಬಿಡಲು 1800-11-2356 ಎಂಬ ಬೇರೆಯೇ ಉಚಿತ ಸಂಖ್ಯೆಯೂ ಉಂಟು. ಹೆಚ್ಚಿನ ಚಿಕಿತ್ಸೆ ಬೇಕಾದವರನ್ನು ನಾವು ಜಿಲ್ಲಾ ಆಸ್ಪತ್ರೆಗೆ, ಅಗತ್ಯಬಿದ್ದರೆ ಬೆಂಗಳೂರಿನ ನಿಮ್ಹಾನ್ಸಿಗೆ ಪತ್ರ ಕೊಟ್ಟು ಕಳುಹಿಸುತ್ತೇವೆ.

ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. ತಾಯಿ ಕಾರ್ಡನ್ನು ಹಿಡಿದು ಇಬ್ಬರೂ ಬನ್ನಿರಿ. ಎಲ್ಲರೆದುರು ಹೇಳಲು ನಾಚಿಕೆಯಾದರೆ, "ಡಾಕ್ಟರ ಹತ್ತಿರ ಒಬ್ಬಳೇ ಒಂದು ಮಾತು ಆಡಬೇಕು" ಎಂದು ನರ್ಸಮ್ಮನಿಗೆ ಹೇಳಿದರೆ ಸಾಕು, ಬಾಗಿಲು ಮುಂದೆ ಮಾಡಿ ಮಾತನಾಡುತ್ತೇವೆ. ಬಿಟ್ಟ ಮೇಲೆ ಬರೋಣವೆಂದು ಕಾಯಬೇಡಿರಿ. ಸಂಚಿ ಸೊಂಟದಲ್ಲಿಯೇ ಇರಲಿ, ಬನ್ನಿರಿ.