ಗಣಿತ, ವಿಜ್ಞಾನದ ತರಗತಿಯಲ್ಲಿ ಕಿರು ವಿಡಿಯೊ: ತೋರಿಸಬೇಕಾದ್ದು, ಬಿಡಬೇಕಾದ್ದು

ಬೋಧನೆಯ ಮಟ್ಟಿಗೆ ಕಿರು ವಿಡಿಯೊ ಎಂದರೆ ಒಂದೇ ಒಂದು ಪರಿಕಲ್ಪನೆಯನ್ನು ಎತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ಮುಗಿಯುವ ದೃಶ್ಯಪಾಠ. ಅದು ಮೊಬೈಲ್ ಫೋನಿನ ಜೊತೆಗೇ ಹುಟ್ಟಿತೆಂಬ ಭಾವನೆ ಸಾಮಾನ್ಯ. ತರಗತಿಗಳಿಗೆ ಅದರ ಪರಿಚಯ ಇನ್ನೂ ಹಳೆಯದು. ಅಮೆರಿಕದ ಎಂಐಟಿಯಲ್ಲಿ 1956ರಲ್ಲಿ ಶುರುವಾದ ಪಿಎಸ್‌ಎಸ್‌ಸಿ ಎಂಬ ಭೌತವಿಜ್ಞಾನ ಸಮಿತಿ ಪ್ರೌಢಶಾಲೆಗಳಿಗಾಗಿ ಹತ್ತಾರು ಚಿತ್ರಗಳನ್ನು ತಯಾರಿಸಿತು. ಅದರ ಬೆನ್ನಿಗೇ, 1960ರ ದಶಕದಲ್ಲಿ, 8 ಮಿ.ಮೀ. ಫಿಲ್ಮಿನ ತುದಿಗಳನ್ನು ಒಂದಕ್ಕೊಂದು ಅಂಟಿಸಿ ಡಬ್ಬಿಯೊಳಗೆ ಸುತ್ತಿಟ್ಟ ‘ಲೂಪ್’ಗಳು ಬಂದವು. ಲೂಪಿಗೆ ಮೂರು-ನಾಲ್ಕು ನಿಮಿಷ, ಒಂದೇ ವಿಷಯ, ಬಹುಪಾಲು ಮೂಕ. ನೀರಿನ ತೊಟ್ಟಿಯಲ್ಲಿ ಎರಡು ಅಲೆಗಳು ಎದುರಾಗಿ ಬಂದು ಹಾದುಹೋಗುವುದನ್ನು ಅದು ತೋರಿಸುತ್ತಿತ್ತು. ಹಾಗೇಕೆ ಆಗುತ್ತದೆಂದು ಹೇಳುತ್ತಿರಲಿಲ್ಲ. ಹೇಳಿಸುವ ಕೆಲಸ ಮೇಷ್ಟರಿಗೆ ಉಳಿದಿತ್ತು. ಆ ಮೌನಕ್ಕೆ ಕಾರಣ ಏನೇ ಇರಲಿ, ಬೋಧನೆಗೆ ಅದರಿಂದ ಆದ ಲಾಭ ದೊಡ್ಡದು. ಇಂದಿನ ವಿಡಿಯೊಗಳು ಕಳೆದುಕೊಂಡಿರುವುದು ಮುಖ್ಯವಾಗಿ ಅದನ್ನೇ. ಕರಿಹಲಗೆ ತೋರಿಸಲಾಗದ್ದನ್ನು ತೋರಿಸಿ, ವಿಚಾರ ಮಾಡುವುದನ್ನು ತರಗತಿಗೆ ಬಿಡುವ ವಿಡಿಯೊ ಹೇಗಿರಬೇಕು ಎಂಬುದೇ ಈ ಬರಹದ ಮುಂದಿರುವ ಪ್ರಶ್ನೆ.

ಕರ್ನಾಟಕಕ್ಕೆ ಪರದೆಯ ಪಾಠ ಹೊಸದಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಪ್ರಸಾರ ತಲುಪಿತು. ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳ ಕಾರ್ಯಕ್ರಮಕ್ಕೆ ಇಪ್ಪತ್ತೆರಡೂವರೆ ನಿಮಿಷ ಮೀಸಲು. 2004ರಲ್ಲಿ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹ ಕಕ್ಷೆ ಸೇರಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಪ್ರಸಾರದ ಪ್ರಯೋಗಕ್ಕೆ ಒಳಪಟ್ಟವು. ಕೊರೊನಾ ಕಾಲದಲ್ಲಿ, 2020ರಲ್ಲಿ, ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು. ಮೂರಕ್ಕೂ ಒಂದೇ ತೊಡಕು: ಪ್ರಸಾರದ ಗಡಿಯಾರಕ್ಕೆ ತರಗತಿ ಹೊಂದಿಕೊಳ್ಳಬೇಕು, ಅರ್ಥವಾಗದ ಕಡೆ ನಿಲ್ಲಿಸಿ ಕೇಳುವಂತಿಲ್ಲ.

ಈ ತೊಡಕನ್ನು ಬಿಡಿಸಿದ್ದು ಅಂತರಜಾಲದ ವಿಡಿಯೊ. ಅಮೆರಿಕದಲ್ಲಿ ಹೂಡಿಕೆ ಸಂಸ್ಥೆಯೊಂದರ ನೌಕರರಾಗಿದ್ದ ಸಲ್ಮಾನ್ ಖಾನ್ 2004ರಲ್ಲಿ ತಮ್ಮ ಸಂಬಂಧಿ ಹುಡುಗಿಗೆ ದೂರದಿಂದಲೇ ಗಣಿತ ಹೇಳಿಕೊಡಲು ಶುರುಮಾಡಿ, 2006ರಿಂದ ಆ ಪಾಠಗಳನ್ನು ಯೂಟ್ಯೂಬಿಗೆ ಏರಿಸತೊಡಗಿದರು. 2008ರಲ್ಲಿ ಅದು ಖಾನ್ ಅಕಾಡೆಮಿಯಾಯಿತು. ಮನೆಯ ಮಕ್ಕಳಿಗೆ ಎದುರಿನ ಖಾನ್‌ಗಿಂತ ಯೂಟ್ಯೂಬಿನ ಖಾನ್ ಹೆಚ್ಚು ಇಷ್ಟವಾದರಂತೆ. ಅವರೇ ಇದನ್ನು ನಗುತ್ತಾ ಹೇಳಿಕೊಂಡಿದ್ದಾರೆ. ನಾಚಿಕೆಪಡದೆ ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು, ಹೋದ ವರ್ಷ ಕಲಿತು ಮರೆತದ್ದನ್ನು ಯಾರಿಗೂ ತಿಳಿಯದಂತೆ ಮತ್ತೆ ನೋಡಬಹುದು. ಆದರೆ ಈ ಸ್ವಾತಂತ್ರ್ಯ ಮಗುವಿನ ಕೈಯಲ್ಲೊಂದು ಸಾಧನವಿದ್ದಾಗಿನ ಮಾತು. ನಲವತ್ತು ಮಕ್ಕಳಿಗೆ ಒಂದೇ ಟಿ.ವಿ. ಇರುವ ಕಡೆ ನಿಲ್ಲಿಸುವ ಗುಂಡಿ ಇರುವುದು ಶಿಕ್ಷಕರ ಕೈಯಲ್ಲಿ. ಹಾಗಾಗಿ ಒಬ್ಬರೇ ಕೂತು ನೋಡುವ ವಿಡಿಯೊ ಬೇರೆ, ತರಗತಿಗೆಂದು ಮಾಡುವ ವಿಡಿಯೊ ಬೇರೆ. ಕನ್ನಡದಲ್ಲಿ ಈಗ ಸಿಗುವವುಗಳಲ್ಲಿ ಹೆಚ್ಚಿನವು ಮೊದಲ ಬಗೆಯವು.

ಎಷ್ಟು ಉದ್ದವಿರಬೇಕು ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪಿಸುವ ಉತ್ತರ ಆರು ನಿಮಿಷ. ಇದರ ಮೂಲ 2014ರಲ್ಲಿ ಫಿಲಿಪ್ ಗುವೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಎಡ್‌ಎಕ್ಸ್ ವೇದಿಕೆಯ ನಾಲ್ಕು ಕೋರ್ಸುಗಳಲ್ಲಿ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದಾಗ, ವಿಡಿಯೊ ಎಷ್ಟೇ ಉದ್ದವಿದ್ದರೂ ಮಧ್ಯಮ ವೀಕ್ಷಕ ಆರು ನಿಮಿಷಕ್ಕಿಂತ ಹೆಚ್ಚು ಕೂರಲಿಲ್ಲ. ಮುದ್ರಿತ ಸ್ಲೈಡುಗಳಿಗಿಂತ, ಕೈಯಲ್ಲಿ ಬರೆಯುತ್ತಾ ಹೋಗುವ ಪಾಠವನ್ನು ಜನ ಹೆಚ್ಚು ಹೊತ್ತು ನೋಡಿದರು. ಆ ಅಧ್ಯಯನ ಅಳೆದದ್ದು ನೋಡಿದ ಹೊತ್ತನ್ನು, ಕಲಿತ ಪ್ರಮಾಣವನ್ನಲ್ಲ. ನೋಡಿದವರೂ ತಾವಾಗಿಯೇ ಹೆಸರು ನೋಂದಾಯಿಸಿಕೊಂಡವರು, ಎಂಟನೇ ತರಗತಿಯ ಮಕ್ಕಳಲ್ಲ. ಆರು ನಿಮಿಷವನ್ನು ನಿಯಮದಂತೆ ಹಿಡಿದು, ಅರ್ಧ ಗಂಟೆಯ ಉಪನ್ಯಾಸವನ್ನು ಐದು ತುಂಡು ಮಾಡಿದರೆ ಕಿರು ವಿಡಿಯೊ ಆಗುವುದಿಲ್ಲ; ಐದು ತುಂಡು ಉಪನ್ಯಾಸವಾಗುತ್ತದೆ. ತಯಾರಿಕೆಯ ಉಳಿದ ಸೂತ್ರಗಳು ಈಗ ಬಹುಮಟ್ಟಿಗೆ ಖಚಿತ. ಮನೋವಿಜ್ಞಾನಿಗಳಾದ ಜಾನ್ ಸ್ವೆಲ್ಲರ್ ಮತ್ತು ರಿಚರ್ಡ್ ಮೇಯರ್ ಅವರ ಸಂಶೋಧನೆಗಳ ಸಾರ ಇಷ್ಟು: ಮನಸ್ಸು ಒಮ್ಮೆಗೆ ಹೊರಬಲ್ಲ ಭಾರ ಕಡಿಮೆ; ಅಲಂಕಾರದ ಚಿತ್ರ, ಹಿನ್ನೆಲೆ ಸಂಗೀತ, ಹೇಳುತ್ತಿರುವುದನ್ನೇ ಪರದೆಯ ತುಂಬ ಬರೆದಿಡುವುದು, ಇವೆಲ್ಲ ಆ ಭಾರವನ್ನು ಹೆಚ್ಚಿಸುತ್ತವೆ.

ಇವೆಲ್ಲಕ್ಕಿಂತ ಗಂಭೀರವಾದ ಎಚ್ಚರಿಕೆ ಬಂದದ್ದು ಆಸ್ಟ್ರೇಲಿಯದಿಂದ. ಮುಂದೆ ‘ವೆರಿಟೇಸಿಯಂ’ ವಾಹಿನಿಯಿಂದ ಹೆಸರಾದ ಡೆರೆಕ್ ಮುಲ್ಲರ್ 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ ಎರಡು ಬಗೆಯ ಭೌತವಿಜ್ಞಾನ ವಿಡಿಯೊಗಳನ್ನು ಹೋಲಿಸಿದರು. ಒಂದರಲ್ಲಿ ಅಚ್ಚುಕಟ್ಟಾದ ವಿವರಣೆ. ಇನ್ನೊಂದರಲ್ಲಿ ವಿದ್ಯಾರ್ಥಿಯೊಬ್ಬ ತನ್ನ ತಪ್ಪು ತಿಳಿವಳಿಕೆಯನ್ನು ಹೇಳುತ್ತಾನೆ, ಅದರ ಮೇಲೆ ಚರ್ಚೆ ನಡೆದು ಸರಿಯಾದದ್ದು ಮೂಡುತ್ತದೆ. ಮೊದಲನೆಯದನ್ನು ನೋಡಿದವರು ‘ಸ್ಪಷ್ಟವಾಗಿದೆ, ಸುಲಭವಾಗಿದೆ’ ಎಂದರು. ಅಂಕ ಮಾತ್ರ ಹೆಚ್ಚೇನೂ ಏರಲಿಲ್ಲ. ಎರಡನೆಯದು ಗೊಂದಲವೆನಿಸಿತು, ಕಲಿಕೆ ಹೆಚ್ಚಿತು. ಸ್ಪಷ್ಟ ವಿವರಣೆ ಕೇಳುವಾಗ ವಿದ್ಯಾರ್ಥಿಗೆ ಇದೆಲ್ಲ ತನಗೆ ಗೊತ್ತಿರುವುದೇ ಎನಿಸಿಬಿಡುತ್ತದೆ. ತನ್ನ ತಲೆಯಲ್ಲಿರುವುದಕ್ಕೂ ಪರದೆಯಲ್ಲಿರುವುದಕ್ಕೂ ವ್ಯತ್ಯಾಸವಿದೆಯೆಂದು ಅವನು ಗಮನಿಸುವುದೇ ಇಲ್ಲ. ಮಕ್ಕಳು ಮೆಚ್ಚಿದರೆಂಬ ಕಾರಣಕ್ಕೆ ವಿಡಿಯೊ ಚೆನ್ನಾಗಿದೆ ಎನ್ನುವ ನಮ್ಮ ಮೌಲ್ಯಮಾಪನ ಪದ್ಧತಿಗೆ ಇದು ಅನನುಕೂಲವಾದ ಸತ್ಯ.

ಪರದೆಯೇ ತಪ್ಪು ತಿಳಿವಳಿಕೆಯನ್ನು ಬಿತ್ತುವುದೂ ಉಂಟು. 1987ರ ‘ಎ ಪ್ರೈವೇಟ್ ಯೂನಿವರ್ಸ್’ ಸಾಕ್ಷ್ಯಚಿತ್ರದಲ್ಲಿ, ಆಗಷ್ಟೇ ಪದವಿ ಪಡೆದ ಹಾರ್ವರ್ಡ್ ವಿದ್ಯಾರ್ಥಿಗಳನ್ನು ಬೇಸಿಗೆ ಏಕೆ ಬರುತ್ತದೆಂದು ಕೇಳಿದಾಗ, ಭೂಮಿ ಸೂರ್ಯನಿಗೆ ಹತ್ತಿರವಾಗುವುದರಿಂದ ಎಂದವರೇ ಹೆಚ್ಚು. ಭೂಕಕ್ಷೆಯನ್ನು ಓರೆಯಾಗಿ ತೋರಿಸುವ ಪ್ರತಿ ಅನಿಮೇಷನ್ನೂ ಇದೇ ನಂಬಿಕೆಗೆ ನೀರೆರೆಯುತ್ತದೆ. ಹೆಚ್ಚುಕಡಿಮೆ ದುಂಡಗಿರುವ ಕಕ್ಷೆ ಓರೆ ನೋಟದಲ್ಲಿ ಉದ್ದನೆಯ ಅಂಡಾಕಾರವಾಗುತ್ತದೆ. ನಿಜವಾಗಿ ದೂರ ಬದಲಾಗುವುದು 14.7 ಕೋಟಿ ಕಿ.ಮೀ.ಯಿಂದ 15.2 ಕೋಟಿ ಕಿ.ಮೀ.ಗೆ, ಶೇ. 3ರ ಆಸುಪಾಸು; ಅದೂ ಅತಿ ಹತ್ತಿರವಿರುವುದು ಜನವರಿಯ ಮೊದಲ ವಾರ, ಬೀದರಿನಲ್ಲಿ ಚಳಿ ಕೊರೆಯುವಾಗ. ಕಕ್ಷೆಯನ್ನು ಒಮ್ಮೆ ನೇರ ಮೇಲಿನಿಂದ ತೋರಿಸಿದರೆ ಈ ತೊಂದರೆ ಅರ್ಧ ನೀಗುತ್ತದೆ.

ಒಳ್ಳೆಯ ಬಳಕೆಗೆ ಚಂದ್ರನ ಮೇಲಿನ ಒಂದು ದೃಶ್ಯ ಸಾಕು. 1971ರ ಆಗಸ್ಟ್ 2ರಂದು ಅಪೊಲೊ 15ರ ಡೇವಿಡ್ ಸ್ಕಾಟ್ ಒಂದು ಕೈಯಿಂದ ಸುತ್ತಿಗೆ, ಇನ್ನೊಂದರಿಂದ ಗರಿ ಬಿಟ್ಟರು. ಎರಡೂ ಒಟ್ಟಿಗೆ ನೆಲ ಮುಟ್ಟಿದವು. ಇದನ್ನು ಸುಮ್ಮನೆ ತೋರಿಸಿದರೆ ಮಕ್ಕಳು ಬೆರಗಾಗಿ ಮರೆತುಬಿಡುತ್ತಾರೆ. ಕೈ ಬಿಡುವ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ, ಯಾವುದು ಮೊದಲು ಬೀಳುತ್ತದೆಂದು ಪ್ರತಿಯೊಬ್ಬರಿಂದಲೂ ನೋಟ್‌ಬುಕ್ಕಿನಲ್ಲಿ ಕಾರಣಸಹಿತ ಬರೆಸಿ ಮುಂದುವರಿಸಿದರೆ ಅದೇ ದೃಶ್ಯ ವಾದಕ್ಕೆ ಎಡೆಮಾಡುತ್ತದೆ. ಚಂದ್ರನಲ್ಲಿ ಗುರುತ್ವವೇ ಇಲ್ಲ ಎನ್ನುವ ಮಗು ಆಗ ಖಂಡಿತ ಸಿಗುತ್ತದೆ. ಇಲ್ಲದಿದ್ದರೆ ಬಿದ್ದದ್ದು ಹೇಗೆ ಎಂದು ಪಕ್ಕದ ಮಗುವೇ ಕೇಳುತ್ತದೆ.

ಇನ್ನೂ ಮುಂದಿನ ಹೆಜ್ಜೆ, ವಿಡಿಯೊವನ್ನೇ ಅಳತೆಗೋಲಾಗಿಸುವುದು. ಸಾಮಾನ್ಯ ಮೊಬೈಲ್ ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್ ಹಿಡಿಯುತ್ತದೆ. ಬಿಳಿ ಗೋಡೆಯ ಮೇಲೆ ಸೆಂಟಿಮೀಟರ್ ಗೆರೆ ಹಾಕಿ, ಕೆಂಪು ಚೆಂಡನ್ನು ಬೀಳಬಿಟ್ಟು ಚಿತ್ರೀಕರಿಸಿ, ಐದೈದು ಫ್ರೇಮಿಗೊಮ್ಮೆ ಚೆಂಡು ಎಲ್ಲಿದೆ ಎಂದು ಗುರುತಿಸಬೇಕು. ಲೆಕ್ಕದಂತೆ 5ನೇ ಫ್ರೇಮಿಗೆ ಸುಮಾರು 14 ಸೆಂ.ಮೀ., 10ನೆಯದಕ್ಕೆ 54, 15ನೆಯದಕ್ಕೆ 122 ಬರಬೇಕು. ಅಂದರೆ 1, 4, 9ರ ಅನುಪಾತ. ನಡುವಿನ ಅಂತರಗಳು ಹೆಚ್ಚುಕಡಿಮೆ 14, 41, 68; ಅವು 1, 3, 5ರ ಅನುಪಾತದಲ್ಲಿವೆ. ಗೆಲಿಲಿಯೊ ಇಳಿಜಾರು ಹಲಗೆಯಲ್ಲಿ ಗುಂಡು ಉರುಳಿಸಿ ಕಂಡುಕೊಂಡ ಬೆಸಸಂಖ್ಯೆಯ ನಿಯಮ ಒಂಬತ್ತನೇ ತರಗತಿಯ ಗೋಡೆಯ ಮೇಲೆ ಬಂದು ಕೂರುತ್ತದೆ, ಗಣಿತವೂ ವಿಜ್ಞಾನವೂ ಒಂದೇ ಅವಧಿಯಲ್ಲಿ. ಅಳತೆ ಕರಾರುವಾಕ್ಕಾಗಿ ಬರುವುದಿಲ್ಲ. ಚೆಂಡು ಕೈಬಿಟ್ಟ ಫ್ರೇಮ್ ಯಾವುದೆಂದು ಜಗಳವಾಗುತ್ತದೆ. ಬೆಳಕು ಕಡಿಮೆಯಿದ್ದರೆ ಚಿತ್ರ ಮಸುಕಾಗುತ್ತದೆ. ಈ ಜಗಳವೂ ಪಾಠವೇ, ಬಹುಶಃ ಎಲ್ಲಕ್ಕಿಂತ ಮುಖ್ಯವಾದ ಪಾಠ. ಕಂಪ್ಯೂಟರ್ ಇರುವ ಶಾಲೆಗಳಿಗೆ ಇದೇ ಕೆಲಸ ಮಾಡುವ ‘ಟ್ರ್ಯಾಕರ್’ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಗಣಿತದ ವಿಡಿಯೊಗಳಿಗೆ ಬೇರೆಯದೇ ಅಪಾಯವಿದೆ. ಅಲ್ಲಿ ಕಣ್ಣು ಒಪ್ಪಿದ ಮಾತ್ರಕ್ಕೆ ಸಾಧನೆಯಾಗುವುದಿಲ್ಲ. 8×8 ಚೌಕವನ್ನು ಎರಡು ತ್ರಿಭುಜ, ಎರಡು ತ್ರಾಪಿಜ್ಯಗಳಾಗಿ ಕತ್ತರಿಸಿ 5×13 ಆಯತವಾಗಿ ಜೋಡಿಸುವ ಹಳೆಯ ಒಗಟು ಇದಕ್ಕೆ ಸಾಕ್ಷಿ: 64 ಚದರಮಾನ 65 ಆಗಿಬಿಡುತ್ತದೆ! ತುಂಡುಗಳು ಪರದೆಯ ಮೇಲೆ ಜಾರಿ ಬಂದು ಕೂಡಿಕೊಂಡಾಗ ಯಾರಿಗೂ ಅನುಮಾನ ಬರುವುದಿಲ್ಲ. ತ್ರಿಭುಜದ ಓರೆಬದಿಯ ಇಳಿಜಾರು 3/8, ತ್ರಾಪಿಜ್ಯದ್ದು 2/5, ಒಂದು 0.375, ಇನ್ನೊಂದು 0.4. ಕರ್ಣದ ಉದ್ದಕ್ಕೂ ತೆಳುವಾದ ಸಂದು ಉಳಿದಿರುತ್ತದೆ, ಅದರ ವಿಸ್ತೀರ್ಣ ಸರಿಯಾಗಿ 1. ಗೆರೆಯನ್ನು ತುಸು ದಪ್ಪ ಎಳೆದರೆ ಸಂದು ಮುಚ್ಚಿಹೋಗುತ್ತದೆ. ವೃತ್ತವನ್ನು ಹೋಳುಗಳಾಗಿಸಿ ಆಯತವೆಂದು ತೋರಿಸುವ ಜನಪ್ರಿಯ ಅನಿಮೇಷನ್ನಿಗೂ ಇದೇ ಪ್ರಶ್ನೆ ಹಾಕಬೇಕು: ಇಲ್ಲಿ ಕಣ್ಣನ್ನು ನಂಬಬಹುದಾದರೆ ಒಗಟಿನಲ್ಲೇಕೆ ನಂಬಬಾರದು? ಹೋಳುಗಳು ಚಿಕ್ಕದಾದಂತೆ ವ್ಯತ್ಯಾಸ ಸೊನ್ನೆಯತ್ತ ಸಾಗುವುದರಿಂದ ಎಂಬ ಉತ್ತರದವರೆಗೆ ತರಗತಿ ಹೋಗಬೇಕು. ಒಗಟಿನ ವಿಡಿಯೊ ಮತ್ತು ವೃತ್ತದ ವಿಡಿಯೊ ಎರಡನ್ನೂ ಒಂದರ ಪಕ್ಕ ಒಂದು ತೋರಿಸುವುದು ಬಹಳ ಫಲಕಾರಿ.

ಕನ್ನಡದ ತೊಂದರೆ ಇನ್ನೊಂದು. ಇಂಗ್ಲಿಷಿನಲ್ಲಿ ತಯಾರಾದ ವಿಡಿಯೊಗಳಿಗೆ ಕನ್ನಡ ದನಿ ಕೂಡಿಸುವಾಗ ಚಿತ್ರದ ಓಟ ಇಂಗ್ಲಿಷ್ ವಾಕ್ಯದ ಓಟಕ್ಕೇ ಕಟ್ಟುಬಿದ್ದಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಏನಾಯಿತೆಂದು ಕಿವಿಗೆ ಬೀಳುವ ಹೊತ್ತಿಗೆ ಬಾಣದ ಗುರುತು ಮುಂದಿನ ಸಾಲಿಗೆ ಹೋಗಿರುತ್ತದೆ. ಸರಿದೂಗಿಸಲು ದನಿ ಕೊಡುವವರು ಉಸಿರು ಬಿಡದೆ ಓದುತ್ತಾರೆ. ದೃಶ್ಯವನ್ನು ಅಲ್ಲಲ್ಲಿ ತಡೆದು ನಿಲ್ಲಿಸುವುದು ಇದಕ್ಕೆ ಕಡಿಮೆ ಖರ್ಚಿನ ಪರಿಹಾರ. ಹೊಸದಾಗಿ ಬರೆಯುವುದು ಸರಿಯಾದ ಪರಿಹಾರ. ಪಾರಿಭಾಷಿಕ ಪದಗಳು ಮಗುವಿನ ಕೈಯಲ್ಲಿರುವ ಪಠ್ಯಪುಸ್ತಕದ್ದೇ ಆಗಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪುಣೆಯ ಅಯೂಕಾ ಸಂಶೋಧನಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಗುಪ್ತ ಮತ್ತು ಸಂಗಡಿಗರು ಮಾಡಿದ, ಕಸದಿಂದ ಆಟಿಕೆ ಕಟ್ಟುವ ಪುಟ್ಟ ಚಿತ್ರಗಳು ಕನ್ನಡವೂ ಸೇರಿ ಹಲವು ಭಾಷೆಗಳಿಗೆ ಸಲೀಸಾಗಿ ಬಂದದ್ದಕ್ಕೆ ಕಾರಣವಿದೆ. ಅವುಗಳಲ್ಲಿ ಮಾತು ಕಡಿಮೆ, ಕೈಕೆಲಸ ಹೆಚ್ಚು. ನೋಡಿದ ಮೇಲೆ ಮಾಡಿಯೇ ತೀರಬೇಕು.

ಮಕ್ಕಳು ಕೈಯಾರೆ ಮಾಡುವುದೇ ಗುರಿಯಾದರೆ, ಯಾವುದನ್ನು ಚಿತ್ರೀಕರಿಸಬಾರದು ಎಂಬುದೂ ತಾನಾಗಿ ತಿಳಿಯುತ್ತದೆ. ದಾಸವಾಳವನ್ನು ಬಿಡಿಸಿ ನೋಡುವುದಕ್ಕೆ, ಲಿಟ್ಮಸ್ ಕಾಗದವನ್ನು ನಿಂಬೆರಸಕ್ಕೆ ಅದ್ದುವುದಕ್ಕೆ, ದಾರಕ್ಕೆ ಕಲ್ಲು ಕಟ್ಟಿ ತೂಗಿಸುವುದಕ್ಕೆ ವಿಡಿಯೊ ಬೇಡ. ವಸ್ತುಗಳೇ ಕೈಗೆ ಸಿಗುತ್ತವೆ. ಕೋಶವಿಭಜನೆ, ಬೀಜ ಮೊಳೆಯುವ ದಿನಗಟ್ಟಲೆಯ ಕ್ರಿಯೆ, ನೀರಿಗೆ ಬಿದ್ದ ಸೋಡಿಯಂ, ಗ್ರಹಗಳ ಚಲನೆ, ಹೀಗೆ ತೀರ ಚಿಕ್ಕವು, ನಿಧಾನದವು, ಅಪಾಯದವು, ದೂರದವು ವಿಡಿಯೊಗೆ ಸಲ್ಲುವಂಥವು. ಪ್ರಯೋಗಾಲಯವಿಲ್ಲದ ಶಾಲೆಗೆ ವಿಡಿಯೊ ಕೊಟ್ಟು ಪ್ರಯೋಗ ಮುಗಿಯಿತೆಂದು ಲೆಕ್ಕ ಬರೆಯುವ ಪರಿಪಾಠವನ್ನು ಆಡಳಿತ ಕೈಬಿಡಬೇಕು.

ಉಳಿದದ್ದು ತಲುಪಿಸುವ ಮಾತು. 2017ರ ಸೆಪ್ಟೆಂಬರ್ 5ರಂದು ಶುರುವಾದ ದೀಕ್ಷಾ ವೇದಿಕೆಯ ಮೂಲಕ ಪಠ್ಯಪುಸ್ತಕದ ಕ್ಯುಆರ್ ಕೋಡೇ ವಿಡಿಯೊಗೆ ದಾರಿಯಾಗಿದೆ. ಆದರೆ ನೆಟ್‌ವರ್ಕ್ ಸಿಗದ ಊರಿನಲ್ಲಿ ಅದು ಬರಿ ಕಪ್ಪುಬಿಳುಪಿನ ಚೌಕ. ಆಯಾ ತರಗತಿಯ ವಿಡಿಯೊಗಳನ್ನು ಪೆನ್‌ಡ್ರೈವಿನಲ್ಲಿ ಶಾಲೆಗೇ ಮುಟ್ಟಿಸುವುದು ಇಂದಿಗೂ ನೆಚ್ಚಬಹುದಾದ ವ್ಯವಸ್ಥೆ. ಪ್ರತಿ ವಿಡಿಯೊದ ಜೊತೆಗೆ ಶಿಕ್ಷಕರಿಗೆ ಒಂದು ಪುಟದ ಟಿಪ್ಪಣಿ ಇರಬೇಕು: ಎಲ್ಲಿ ನಿಲ್ಲಿಸಬೇಕು, ಏನು ಕೇಳಬೇಕು, ಮಕ್ಕಳಿಂದ ಯಾವ ತಪ್ಪು ಉತ್ತರಗಳು ಬರುತ್ತವೆ. ದನಿಯಿಲ್ಲದ ಒಂದು ಪ್ರತಿಯನ್ನೂ ಅದರೊಂದಿಗೆ ಕೊಡಬೇಕು. ಕಲಬುರಗಿಯ ಶಿಕ್ಷಕಿ ಅಲ್ಲಿನ ಮಾತಿನಲ್ಲಿ, ಕುಂದಾಪುರದ ಶಿಕ್ಷಕ ಅಲ್ಲಿನ ಮಾತಿನಲ್ಲಿ ಅದೇ ಚಿತ್ರಕ್ಕೆ ತಮ್ಮ ಪಾಠ ಕೂಡಿಸಿಕೊಳ್ಳಬಹುದು.