ಏಳು ಮೆಟ್ಟಿಲುಗಳು
(ಲ್ಯಾಟರನ್ ಮಹಾದೇವಾಲಯದ ಪ್ರತಿಷ್ಠಾಪನಾ ಹಬ್ಬ, ನವೆಂಬರ್ 9)



ಕ್ರಿ.ಶ. 324ರಲ್ಲಿ ಪೋಪ್ ಸಂತ ಸಿಲ್ವೆಸ್ಟರರು ರೋಮಿನ ಲ್ಯಾಟರನ್ ಮಹಾದೇವಾಲಯವನ್ನು ಪ್ರತಿಷ್ಠಾಪಿಸಿದರು. ಅಲ್ಲಿಯವರೆಗೆ ಭಕ್ತರು ಸೇರುತ್ತಿದ್ದುದು ಹೆಚ್ಚಾಗಿ ಮನೆಗಳಲ್ಲಿ. ಕಟ್ಟುವಾಗ ಅವರು ಆರಿಸಿಕೊಂಡ ಮಾದರಿ ರೋಮನ್ನರ ದೇಗುಲದ್ದಲ್ಲ, 'ಬಸಿಲಿಕಾ' ಎಂಬ ಸಾರ್ವಜನಿಕ ಸಭಾಂಗಣದ್ದು. ವ್ಯಾಪಾರ, ನ್ಯಾಯವಿಚಾರಣೆ ಎಲ್ಲವೂ ಅಂಥಲ್ಲಿ ನಡೆಯುತ್ತಿದ್ದವು. ರೋಮನ್ನರ ದೇಗುಲದಲ್ಲಿ ವಿಗ್ರಹ ಒಳಗೆ, ಬಲಿಪೀಠ ಮತ್ತು ಜನ ಹೊರಗೆ. ಸಭಾಂಗಣದಲ್ಲಿ ಜನರೇ ಒಳಗೆ! ಗೋಡೆ ಎಲ್ಲಿ, ಬಾಗಿಲು ಎಲ್ಲಿ ಎಂಬುದರಿಂದಲೇ ಯಾರು ನಮ್ಮವರು ಎಂದು ಗೊತ್ತಾಗುತ್ತದೆ.

ನಮ್ಮ ದೇವಾಲಯಕ್ಕೆ ಬರೋಣ. ದುರಸ್ತಿಯಲ್ಲಿ ನೆಲ ಎತ್ತರಿಸಿ, ಗ್ರಾನೈಟ್ ಹಾಕಿ, ಏಳು ಮೆಟ್ಟಿಲು ಕಟ್ಟಿಸಿದೆವು. ಚೆಂದವಾಗಿದೆ, ಮಳೆ ಬಂದರೆ ಜಾರುತ್ತದೆ. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಅಜ್ಜಿಯೊಬ್ಬರು ಈಗ ಮಾವಿನ ಮರದ ಕೆಳಗೆ ಕುಳಿತು ಮೈಕಿನಲ್ಲಿ ಪೂಜೆ ಕೇಳುತ್ತಾರೆ. "ಪರವಾಗಿಲ್ಲ ಫಾದರ್, ಪ್ರಸಾದ ಇಲ್ಲಿಗೇ ತರ್ತೀರಲ್ಲ" ಎಂದರು. ಆ ನಕ್ಷೆಗೆ ಸಹಿ ಹಾಕಿದವನು ನಾನೇ.

ಹಬ್ಬದ ದೀಪಾಲಂಕಾರಕ್ಕೆಂದು ಎತ್ತಿಟ್ಟ ಹಣವಿದೆ. ಗಾಲಿಕುರ್ಚಿ ಹತ್ತುವ ಇಳಿಜಾರಿಗೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕಂತೆ. ಅರ್ಧ ಅಡಿಯ ಏಳು ಮೆಟ್ಟಿಲಿಗೆ 42 ಅಡಿ. ಮಾವಿನ ಮರದ ಕಡೆ ಅಷ್ಟು ಜಾಗ ಇದ್ದೀತು. ಪೂಜೆಯ ನಂತರ ಪಾಲನಾ ಸಮಿತಿಯವರು ದಯವಿಟ್ಟು ನಿಲ್ಲಿ, ಟೇಪು ತಂದಿದ್ದೇನೆ.