ಅತ್ತಿಯ ಹೂವು ಕಂಡ ದಿನ

(ಪರಿಸರ ಶಿಬಿರದ ಸಮಾರೋಪದಲ್ಲಿ ಮಾಡಿದ ಭಾಷಣದ ಬರಹರೂಪ)



ಸೃಷ್ಟಿಯ ವಿಸ್ಮಯದ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ಕೊಂಚ ಅಳುಕಿದೆ. ಮಣ್ಣು, ಗೊಬ್ಬರ, ಅಡಿಕೆಯ ಕೊಳೆರೋಗ ಇವುಗಳ ಬಗ್ಗೆ ಕೇಳಿದರೆ ಹೇಳಬಲ್ಲೆ. ವಿಸ್ಮಯ, ನಂಬಿಕೆಗಳು ಮನುಷ್ಯನ ಅಂತರಂಗದ ಸಂಗತಿಗಳು. ಅವನ್ನು ಸಭೆಗೆ ತರುವ ರೂಢಿ ನಮ್ಮಂಥವರಿಗಿಲ್ಲ. ಆದ್ದರಿಂದ ದೊಡ್ಡ ತತ್ತ್ವಗಳನ್ನು ಬದಿಗಿಟ್ಟು, ನಿಮಗೆಲ್ಲ ಪರಿಚಿತವಾದ ಹಳ್ಳದಂಚಿನ ಅತ್ತಿಮರದ ಕತೆಯೊಂದನ್ನು ಹೇಳುತ್ತೇನೆ.

ನನ್ನ ತಾಯಿ ಪ್ರತಿ ಗುರುವಾರ ನಮ್ಮೂರ ಬನದ ಅತ್ತಿಮರಕ್ಕೆ ಪ್ರದಕ್ಷಿಣೆ ಬರುತ್ತಿದ್ದರು. ಅತ್ತಿಯೆಂದರೆ ಔದುಂಬರ, ದತ್ತಾತ್ರೇಯನ ಸನ್ನಿಧಿ ಎಂಬುದು ಅವರ ನಂಬಿಕೆ. ನಾನಾಗ ಡಾಕ್ಟರೇಟ್ ಮುಗಿಸಿ ಊರಿಗೆ ಮರಳಿದ ಹೊಸತು. ಅದು ಆಲದ ಬಳಗದ ಒಂದು ಮರ, ಅದಕ್ಕಿಂತ ಹೆಚ್ಚೇನೂ ಅಲ್ಲ ಎಂದು ಅವರಿಗೆ ಪಾಠ ಹೇಳಿದೆ. ಅವರು ವಾದಿಸಲಿಲ್ಲ. "ಹಂಗಾರೆ ಅದ್ರ ಹೂವು ಎಲ್ಲಿದ್ದು, ತೋರ್ಸು ತಮಾ" ಎಂದರು.

ಹೂವು ತೋರಿಸಲು ಎಳೆಯ ಕಾಯೊಂದನ್ನು ಕೊಯ್ದು ಭೂತಕನ್ನಡಿಯನ್ನು ಅವರ ಕೈಗಿತ್ತೆ. ನಾವು ಅತ್ತಿಕಾಯಿ ಎನ್ನುವುದು ನಿಜವಾಗಿ ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಸಾವಿರಾರು ಪುಟ್ಟ ಹೂಗಳು ಕತ್ತಲಲ್ಲೇ ಅರಳುತ್ತವೆ. ಜೇನಿಗೂ ಚಿಟ್ಟೆಗೂ ಅಲ್ಲಿಗೆ ಪ್ರವೇಶವಿಲ್ಲ. ಕಾಯಿಯ ತುದಿಯಲ್ಲಿರುವ ಸೂಜಿಮೊನೆಯಂಥ ಕಿಂಡಿಯಿಂದ ಎರಡು ಮಿಲಿಮೀಟರಿನಷ್ಟೇ ಇರುವ ಹೆಣ್ಣು ಕಣಜವೊಂದು ಒಳನುಗ್ಗುತ್ತದೆ. ಆ ಇಕ್ಕಟ್ಟಿನಲ್ಲಿ ಸಾಮಾನ್ಯವಾಗಿ ಅದರ ರೆಕ್ಕೆಗಳೇ ಮುರಿದುಹೋಗುತ್ತವೆ. ತಾನು ಹುಟ್ಟಿದ ಮರದಿಂದ ತಂದ ಪರಾಗವನ್ನು ಹೂಗಳಿಗೆ ಹಚ್ಚಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುತ್ತದೆ. ಮೊಟ್ಟೆ ಬೀಳದ ಹೂಗಳು ಬೀಜವಾಗುತ್ತವೆ. ಮೊಟ್ಟೆ ಬಿದ್ದ ಹೂಗಳಲ್ಲಿ ಮರಿಗಳು ಬೆಳೆಯುತ್ತವೆ. ಮೊದಲು ಹೊರಬರುವ ಗಂಡು ಕಣಜಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಯನ್ನು ಕೊರೆದು ದಾರಿ ಮಾಡಿಕೊಟ್ಟು ಸಾಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಆ ದಾರಿಯಿಂದ ಹಾರುತ್ತವೆ. ಅತ್ತಿಹಣ್ಣು ಬಿಚ್ಚಿದರೆ ಹುಳವೇ ಎಂದು ನಮ್ಮ ಗಾದೆ ಹಳಿಯುತ್ತದೆ. ಆ ಹುಳವಿಲ್ಲದಿದ್ದರೆ ಅತ್ತಿಗೆ ಬೀಜವೇ ಇಲ್ಲ.

ಅಮ್ಮ ಬಹಳ ಹೊತ್ತು ನೋಡಿ, "ಇಷ್ಟು ಸಣ್ಣ ಜೀವಕ್ಕೆ ದಾರಿ ತೋರ್ಸದ್ದು ಯಾರು?" ಎಂದು ಕೇಳಿದರು. ಹೂಬಿಟ್ಟ ಮರ ಸೂಸುವ ವಾಸನೆ ಎಂದೆ. "ಆ ವಾಸನೆ ಕೊಟ್ಟದ್ದು ಯಾರು?" ಎಂದರು. ನಾನು ಸುಮ್ಮನಾದೆ.

ಮಿತ್ರರೇ, ಜಗತ್ತಿನಲ್ಲಿ ಅತ್ತಿ, ಆಲ, ಬಸರಿಗಳ ಈ ಬಳಗದಲ್ಲಿ 750ಕ್ಕೂ ಹೆಚ್ಚು ಜಾತಿಗಳಿವೆ. ಬಹುಮಟ್ಟಿಗೆ ಒಂದೊಂದಕ್ಕೂ ಅದರದೇ ಕಣಜ. ಈ ಸಂಬಂಧ ಸುಮಾರು 7.5 ಕೋಟಿ ವರ್ಷಗಳಷ್ಟು ಹಳೆಯದೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಜೀವವಿಕಾಸದ ದಾರಿಯಲ್ಲಿ ಇದು ರೂಪುಗೊಂಡಿತೆಂಬುದನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ಒಪ್ಪಿದ ಮೇಲೂ ಆ ಮರದಡಿ ನಿಂತಾಗ ನನ್ನ ತಲೆ ತಾನಾಗಿ ಬಾಗುತ್ತದೆ. ದೇವರಿದ್ದಾನೆಯೇ ಎಂದು ನಿನ್ನೆ ವಿದ್ಯಾರ್ಥಿಯೊಬ್ಬರು ಕೇಳಿದರು. ಪ್ರಯೋಗಾಲಯದಲ್ಲಿ ತೋರಿಸಬಲ್ಲ ಉತ್ತರ ನನ್ನಲ್ಲಿಲ್ಲ. ಈ ಸೃಷ್ಟಿ ನನ್ನ ಅಳತೆಗಿಂತ ದೊಡ್ಡದು, ಅದರ ಮುಂದೆ ನಾನು ಯಜಮಾನನಲ್ಲ ಎಂಬುದೇ ನನ್ನ ನಂಬಿಕೆ.

ಆದರೆ ಆ ನಂಬಿಕೆಯಂತೆ ನಾನು ನಡೆದುಕೊಳ್ಳಲಿಲ್ಲ ಎಂಬುದನ್ನೂ ಹೇಳಬೇಕು. ಹನ್ನೆರಡು ವರ್ಷಗಳ ಹಿಂದೆ ಕೃಷಿಕರೊಬ್ಬರು ತೋಟದಂಚಿನ ಎರಡು ಅತ್ತಿಮರಗಳ ನೆರಳು ಹೆಚ್ಚಾಯಿತೆಂದು ಸಲಹೆ ಕೇಳಿದರು. "ಕಡಿಯಬಹುದು, ಬನದಲ್ಲಿ ಒಂದು ಇದೆಯಲ್ಲ, ಸಾಕು" ಎಂದವನು ನಾನೇ. ಪುಸ್ತಕದಲ್ಲಿ ಓದಿದ್ದನ್ನು ನಮ್ಮ ಹಳ್ಳಕ್ಕೆ ಹೊಂದಿಸಿ ನೋಡಿರಲಿಲ್ಲ. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೇ ಬೆಳೆಯುತ್ತವೆ. ಹೊರಬಂದ ಕಣಜಕ್ಕೆ ಹುಟ್ಟಿದ ಮರದಲ್ಲಿ ಎಡೆಯಿಲ್ಲ; ಅದೇ ಹೊತ್ತಿಗೆ ಹೂಬಿಟ್ಟ ಇನ್ನೊಂದು ಮರ ಬೇಕು. ಹುಡುಕಲು ಅದಕ್ಕಿರುವ ಆಯುಷ್ಯ ಒಂದೆರಡು ದಿನ. ಗಾಳಿ ಅದನ್ನು ದೂರ ಒಯ್ಯಬಲ್ಲುದು, ನಿಜ. ಆದರೂ ಕಡಿದ ಪ್ರತಿ ಮರದೊಂದಿಗೆ ಅದರ ದಾರಿ ಇನ್ನಷ್ಟು ಉದ್ದವಾಗುತ್ತದೆ. ಅತ್ತಿಗೆ ಒಂದು ಮರ ಸಾಲದು. ಊರೂರಿಗೂ ಹಬ್ಬಿದ ಬಳಗ ಬೇಕು.

ಬೇರೆ ಬೇರೆ ಮರಗಳು ಬೇರೆ ಬೇರೆ ಕಾಲಕ್ಕೆ ಹಣ್ಣಾಗುವುದರಿಂದಲೇ ಕಾಡಿನಲ್ಲಿ ಬೇರೆ ಹಣ್ಣಿಲ್ಲದ ದಿನಗಳಲ್ಲೂ ಕುಟ್ರುಹಕ್ಕಿ, ಬಾವಲಿ, ಮಂಗಟ್ಟೆಗಳಿಗೆ ಊಟ ಸಿಗುತ್ತದೆ. ನಮ್ಮ ಜಿಲ್ಲೆಯ ದಾಂಡೇಲಿಯಲ್ಲಿ 2011ರಲ್ಲಿ ಮಂಗಟ್ಟೆಗಳಿಗಾಗಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಸಂತೋಷವೇ. ಆದರೆ ಹಕ್ಕಿಗೆ ಗಡಿ ತಿಳಿಯದು. ಅದರ ಊಟದ ಒಂದು ಪಾಲು ನಮ್ಮ ಹಳ್ಳ, ಬೆಟ್ಟ, ಬನಗಳಲ್ಲಿದೆ.

ಈಗ ಆ ಬನದ ಮರಕ್ಕೇ ಕುತ್ತು ಬಂದಿದೆ. ದೇವರಿಗೆ ಕಾಂಕ್ರೀಟಿನ ಗುಡಿ, ಸುತ್ತ ಟೈಲ್ಸ್ ಹಾಕಿದ ಅಂಗಳ ಆಗಬೇಕೆಂದು ಹಲವರ ಅಪೇಕ್ಷೆ. ಬೇರು ಗೋಡೆ ಸೀಳೀತು, ಉದುರಿದ ಹಣ್ಣು ಅಂಗಳ ಹೊಲಸು ಮಾಡೀತು ಎಂಬ ಕಾರಣಕ್ಕೆ ಮರ ತೆಗೆಯುವ ಪ್ರಸ್ತಾಪವಿದೆ. ಹುಳ ಹಿಡಿದ ಮರವೆಂದು ವಿಜ್ಞಾನಿಯಾಗಿ ನಾನೊಂದು ಮಾತು ಹೇಳಿದರೆ ಕೆಲಸ ಸುಲಭವೆಂದು ಕೆಲವರು ಸೂಚಿಸಿದ್ದಾರೆ. ಅವರು ದೇವದ್ರೋಹಿಗಳಲ್ಲ, ಭಕ್ತಿಯಿಂದಲೇ ಹಾಗೆ ಹೇಳುತ್ತಿದ್ದಾರೆ. ಆದರೆ ನಮ್ಮ ಹಿರಿಯರು ಬನವನ್ನೇ ಗುಡಿಯೆಂದು ತಿಳಿದು ಅಲ್ಲಿ ಕೊಡಲಿ ಎತ್ತಲಿಲ್ಲ. ಕೈಮುಗಿದದ್ದನ್ನೇ ಕಡಿದು ಅದರ ಜಾಗದಲ್ಲಿ ಗುಡಿ ಕಟ್ಟಿದರೆ ಒಳಗೆ ಯಾರನ್ನು ಕೂರಿಸುತ್ತೇವೆ?

ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ನಿಮ್ಮ ಊರಿನ ಹಳ್ಳದುದ್ದಕ್ಕೂ ನಡೆದು ಅತ್ತಿಮರಗಳನ್ನು ಎಣಿಸಿ. ಯಾವ ತಿಂಗಳಲ್ಲಿ ಯಾವ ಮರ ಕಾಯಿ ಬಿಟ್ಟಿತೆಂದು ಒಂದು ವರ್ಷ ಬರೆದಿಡಿ. ಬರುವ ಮಳೆಗಾಲದಲ್ಲಿ, ನನ್ನ ಮಾತಿನಿಂದ ಹೋದ ಎರಡು ಮರಗಳ ಬದಲಿಗೆ ನಾನು ಹತ್ತು ಸಸಿ ನೆಡುತ್ತೇನೆ. ಅವು ಫಲ ಬಿಡಲು ವರ್ಷಗಳು ಬೇಕು. ಅಷ್ಟರ ತನಕ ಬನದ ಮರ ನಿಂತಿರಬೇಕು.

ಬರುವ ಗುರುವಾರ ಬನದಲ್ಲಿ ಊರಿನ ಸಭೆ ಸೇರಲಿದೆ. ಅಮ್ಮ ಈಗಿಲ್ಲ. ಅವರು ನೋಡಿದ ಭೂತಕನ್ನಡಿಯನ್ನು ಸಭೆಗೆ ಒಯ್ಯುತ್ತೇನೆ. ತೀರ್ಮಾನಕ್ಕೆ ಮುನ್ನ ಪ್ರತಿಯೊಬ್ಬರೂ ಒಮ್ಮೆ ಅತ್ತಿಯ ಹೂವು ನೋಡಲಿ. ನೀವೂ ಬನ್ನಿ.